ಅಮೃತಬಾಯಿಯ ಗೋಷಾ

ನಿಜಾಮರ ಕಾಲದಲ್ಲಿ ಗೋಷಾ ಎಂದರೆ ನವಾಬರ, ಜಹಗೀರುದಾರರ ಮನೆಯ ಹೆಂಗಸರು ಪರಗಂಡಸರಿಗೆ ಮುಖ ತೋರಿಸದೆ ಇರುವ ಪದ್ಧತಿ. ಕುರಿಯ ಹಿಂದೆ ಬಿಸಿಲಲ್ಲಿ ತಿರುಗುವ ಕುರುಬರ ಹೆಂಗಸಿಗೆ ಅದು ಎಲ್ಲಿಂದ ಬರಬೇಕು? ಆದರೂ ನಮ್ಮಜ್ಜಿ ಅಮೃತಬಾಯಿ ಗೋಷಾ ಹಾಕಿದಳು. ಅದೂ ಪರಗಂಡಸರೆದುರಿಗಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗನೆದುರಿಗೆ. ಆ ಮಗ ಮರೆಪ್ಪ, ನನ್ನ ಅಪ್ಪ. ಊರವರು ಇವತ್ತಿಗೂ ಅಜ್ಜಿಗೆ ತಲೆ ಕೆಟ್ಟಿತ್ತು ಎನ್ನುತ್ತಾರೆ. ತಲೆ ಯಾರದು ಕೆಟ್ಟಿತ್ತು ಎಂಬುದನ್ನು ಓದಿದವರೇ ತೀರ್ಮಾನಿಸಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ನಾರಾಯಣಖೇಡದಿಂದ ಎರಡು ಹರದಾರಿ. ಅಜ್ಜ ಶಿವರಾಯನಿಗೆ ಕುರಿ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಆಡುವ ಮಾತುಗಳನ್ನು ಒಂದು ಬೊಗಸೆಯಲ್ಲಿ ಹಿಡಿಯಬಹುದಿತ್ತು, ಅದರಲ್ಲಿಯೂ ಅರ್ಧ ಕುರಿಗಳಿಗೇ. ಮಾತೆಲ್ಲ ಅಜ್ಜಿಯದು. ಮೂರು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಉಳಿದವನು ಮರೆಪ್ಪ ಒಬ್ಬನೇ. ಹುಡುಗ ಚುರುಕಾಗಿದ್ದ. ಕಣ್ಣು ಮುಚ್ಚಿಕೊಂಡು ಮರಿಯ ದನಿ ಕೇಳಿ ಅದು ಯಾವ ಕುರಿಯದು ಎಂದು ಹೇಳುತ್ತಿದ್ದನಂತೆ.

ಹದಿನಾರನೇ ವಯಸ್ಸಿನಲ್ಲಿ ಅವನಿಗೆ ಹಲ್ಲುನೋವು ಬಂತು. ಉಣ್ಣೆ ಕತ್ತರಿಸಲು ಕೊಹೀರ್ ಕಡೆಗೆ ಹೋದಾಗ ಯಾರೋ ಒಬ್ಬ ಹುಳುಕು ಹಲ್ಲಿನ ತೂತಿಗೆ ಚೂರು ಅಫೀಮು ಮೆತ್ತಿದ. ನೋವು ಹೋಯಿತು, ಅಫೀಮು ಉಳಿಯಿತು. ಆಗ ಪರವಾನಗಿ ಇದ್ದ ದುಕಾನುಗಳಲ್ಲಿ ಅದನ್ನು ಬೆಲ್ಲ ಮಾರಿದಂತೆ ಮಾರುತ್ತಿದ್ದರು. ಒಂದು ವರ್ಷದೊಳಗೆ ಹುಡುಗ ಎಲ್ಲಿ ಕುಳಿತರೆ ಅಲ್ಲಿ ತೂಕಡಿಸತೊಡಗಿದ. ಒಂದು ಮಧ್ಯಾಹ್ನ ಜಾಲಿಮರದ ಕೆಳಗೆ ಅವನು ಬಾಯಿ ತೆರೆದು ಮಲಗಿದ್ದಾಗ ತೋಳ ಬಂದು ಐದು ಮರಿಗಳನ್ನು ಸೀಳಿ ಹಾಕಿತು. ನಾಯಿ ಬೊಗಳಿ ಬೊಗಳಿ ಗಂಟಲು ಕಟ್ಟಿಕೊಂಡರೂ ಅವನಿಗೆ ಎಚ್ಚರವಿಲ್ಲ.

ಅಜ್ಜ ಹೊಡೆಯಲಿಲ್ಲ, ಬೈಯಲಿಲ್ಲ. ಸತ್ತ ಮರಿಗಳ ಪಕ್ಕದಲ್ಲಿ ಕುಳಿತುಬಿಟ್ಟ. ಅಜ್ಜಿ ಮಾತ್ರ ಮಗನ ರಟ್ಟೆ ಹಿಡಿದು ಬೀರಪ್ಪನ ಗುಡಿಗೆ ಎಳೆದುಕೊಂಡು ಹೋದಳು. ನಮ್ಮವರಲ್ಲಿ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಮುಟ್ಟಿ ಆಣೆ ಮಾಡಿದರೆ ಮುಗಿಯಿತು, ಅದಕ್ಕಿಂತ ದೊಡ್ಡ ಕಚೇರಿ ಇಲ್ಲ. ಪೂಜಾರಿ ಹಣಮಯ್ಯ ಭಂಡಾರದ ಬಟ್ಟಲು ಹಿಡಿದು ನಿಂತ.

"ಕುರಿ ಮ್ಯಾಲ ಆಣಿ ಮಾಡ್ಲಿ, ಸಾಕು" ಎಂದ ಅಜ್ಜ.

"ಕುರಿ ಆಣಿ ಏನ್ ಆಣಿರಿ? ಕುರಿ ದಿನಾ ಸಾಯ್ತಾವ" ಎಂದು ಅಜ್ಜಿ ಅವನ ಮಾತು ತಳ್ಳಿಹಾಕಿದಳು. "ನನ್ನ ಮ್ಯಾಲ ಮಾಡ್ಲಿ. ಅನ್ನು ಮಗಾ, ಇನ್ನ ಅಫೀಮು ಮುಟ್ಟಿದ್ರ ನಮ್ಮವ್ವನ ಹೆಣದ ಮಾರಿ ನೋಡ್ತೀನಿ ಅನ್ನು."

ಅವ್ವನ ಹೆಣದ ಮುಖ ನೋಡುವ ಆಣೆಯನ್ನು ಹುಡುಗ ಅವಳು ಹೇಳಿಕೊಟ್ಟಂತೆಯೇ ಅಂದ. ಹಣಮಯ್ಯ ಹಣೆಗೆ ಭಂಡಾರ ಹಚ್ಚಿದ.

ಇದನ್ನು ನೆನೆದಾಗಲೆಲ್ಲ ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತದೆ. ಮಗನ ಸುತ್ತ ಬೇಲಿ ಕಟ್ಟುತ್ತೇನೆಂದು ಹೋಗಿ ಮುಳ್ಳನ್ನು ಅವನ ಎದೆಗೇ ಕಟ್ಟಿದಳು. ದೇವರು ಎಂದರೆ ಹೆದರಿಸಲಿಕ್ಕೆ ಇರುವವನು ಎಂದು ಅವಳಿಗೆ ಯಾರು ಹೇಳಿದ್ದರೋ! ಆದರೆ ಸಿಟ್ಟು ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಉಳಿದ ಒಬ್ಬ ಮಗನನ್ನು ಉಳಿಸಿಕೊಳ್ಳಲು ಅವಳ ಹತ್ತಿರ ಒತ್ತೆ ಇಡಲು ಇದ್ದದ್ದು ಅವಳ ಜೀವ ಒಂದೇ.

ಅಪ್ಪ ಹತ್ತು ತಿಂಗಳು ಆಣೆ ಉಳಿಸಿಕೊಂಡ. ಆಮೇಲೆ ಮೇವು ಹುಡುಕುತ್ತ ಚಿಕ್ಕಪ್ಪನ ಮಗ ತುಳಜಪ್ಪನ ಜೊತೆ ಕುರಿ ಹೊಡೆದುಕೊಂಡು ತಾಂಡೂರಿನ ಕಡೆಗೆ ಹೋದ. ಅಲ್ಲಿ ರಕ್ತಭೇದಿ ಹತ್ತಿತು. ಒಂದು ಹಳ್ಳಿಯಲ್ಲಿ ಮುದುಕನೊಬ್ಬ ಪಾಪ ಅನ್ನಿಸಿ ಗುಳಿಗೆ ಕೊಟ್ಟ. ಔಷಧಿ ಎಂದು ನುಂಗಿದ ಮೇಲೆ ನಾಲಿಗೆ ಅಫೀಮಿನ ಗುರುತು ಹಿಡಿಯಿತು. ಭೇದಿ ನಿಂತಿತು. ಮರುದಿನ ಅವನೇ ಹೋಗಿ ಮುದುಕನೆದುರು ಕೈಯೊಡ್ಡಿದ. ಮೂರನೆಯ ದಿನ ತುಳಜಪ್ಪನಿಗೆ, "ಕುರಿ ಹೊಡಕೊಂಡು ಹೋಗು. ನಾ ಮನಿಗಿ ಬರಂಗಿಲ್ಲ" ಎಂದ. ಯಾಕೆ ಎಂದರೆ ಬಾಯಿ ಬಿಡಲಿಲ್ಲ.

ಅಪ್ಪ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೂಲಿ ಮಾಡುತ್ತಿದ್ದಾನೆಂದು ತಿಳಿಯಲು ಅರ್ಧ ವರ್ಷ ಹಿಡಿಯಿತು. ಅಜ್ಜಿ ರೊಟ್ಟಿ ಕಟ್ಟಿಕೊಂಡು ತುಳಜಪ್ಪನ ಜೊತೆ ಜಹೀರಾಬಾದಿಗೆ ನಡೆದಳು. ಅಲ್ಲಿ ಜೀವನದಲ್ಲಿ ಮೊದಲ ಸಲ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ರೈಲು ಹತ್ತಿ ತಾಂಡೂರು ಮುಟ್ಟಿದಳು. ಕಲ್ಲುಚೂರಿನ ಗುಡ್ಡದ ಪಕ್ಕದಲ್ಲಿ ಕೂಲಿಗಳ ಗುಡಿಸಲು. ಅವಳ ದನಿ ಕೇಳಿದ್ದೇ ತಡ, ಮಗ ಕಂಬಳಿ ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ.

"ಮಗಾ, ನಾ ಬಂದೀನಿ. ಈ ಕಡಿ ನೋಡು."

"ನೀ ಹೋಗವ್ವ. ನಿನ್ನ ಮಾರಿ ನೋಡಂಗಿಲ್ಲ ನಾ."

"ನಾ ಏನ್ ಮಾಡೀನಿ ಮಗಾ?"

"ಹೋಗಂದ್ರ ಹೋಗು!"

ಮಧ್ಯಾಹ್ನದಿಂದ ಹೊತ್ತು ಇಳಿಯುವ ತನಕ ಅವಳು ಆ ಕಂಬಳಿಯ ಎದುರು ಕುಳಿತಿದ್ದಳು. ಕಂಬಳಿ ಅಲುಗಲಿಲ್ಲ. ರೊಟ್ಟಿಯ ಗಂಟು ಅಲ್ಲೇ ಇಟ್ಟು ಎದ್ದು ಬಂದಳು. ಊರಿಗೆ ಬಂದ ಮೇಲೆ ಅಷ್ಟು ಮಾತಾಡುವ ಹೆಂಗಸಿನ ಮಾತು ನಿಂತುಹೋಯಿತು. ಒಲೆ ಹಚ್ಚಿ ಅದರ ಎದುರಿಗೆ ಕುಳಿತರೆ ರೊಟ್ಟಿ ಕರಕಾಗುವ ತನಕ ಕುಳಿತಿರುತ್ತಿದ್ದಳು. ಹೆತ್ತ ಮಗ ಮುಖ ನೋಡಲು ಒಲ್ಲೆ ಎಂದ ಮೇಲೆ ಆ ಮುಖ ಇಟ್ಟುಕೊಂಡು ಏನು ಮಾಡುವುದು ಎಂದು ಅವಳಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅಜ್ಜ ತಾನೊಬ್ಬನೇ ತಾಂಡೂರಿಗೆ ಹೋಗಿಬಂದ. ಬಂದವನು ಕುರಿಗಳಿಗೆ ನೀರು ತೋರಿಸಿ, ಕಂಬಳಿ ಕೊಡವಿ, ಅಂಬಲಿ ಕುಡಿದು, "ಮರ್ಯಾ ನನ್ನ ಕೂಡ ಮಾತಾಡ್ದ" ಎಂದ.

"ನಿಮ್ಮ ಮಾರಿ ನೋಡಿದನೇನ್ರಿ?"

"ನೋಡ್ದ."

ಅಜ್ಜಿ ಎದ್ದು ಹೊರಗೆ ಹೋದಳು. ಮಗನಿಗೆ ಅವನಪ್ಪನ ಮುಖ ಬೇಕು, ತನ್ನದು ಬೇಡ! ಗಾಯದ ಮೇಲೆ ಬರೆ ಎಳೆದಂತಾಯಿತು. ಅಜ್ಜನ ಬಾಯಿಂದ ಉಳಿದ ಮಾತು ಹೊರಡಲು ಮತ್ತೆ ಎರಡು ದಿನ ಬೇಕಾಯಿತು. ಪುಣ್ಯಾತ್ಮ, ಅದನ್ನೇ ಮೊದಲು ಹೇಳಬಾರದೇ!

"ಅವ ಮತ್ತ ಅಫೀಮು ಮುಟ್ಯಾನ" ಎಂದ ಅಜ್ಜ, ಕುರಿಯ ಕಾಲಿನ ಮುಳ್ಳು ತೆಗೆಯುತ್ತ. "ಆಣಿ ಮುರದೀನಿ, ಇನ್ನ ನಮ್ಮವ್ವನ ಮಾರಿ ನೋಡಿದ್ರ ಅದು ಹೆಣದ ಮಾರಿ ಆಗ್ತದ ಅಂತಾನ. ನೋಡಲಾರದ ಇದ್ರ ಅವ್ವ ಬದಕ್ತಾಳ ಅಂತ ಗ್ವಾಡಿ ಕಡಿ ಮಾರಿ ಮಾಡ್ಯಾನ."

ಅಜ್ಜಿ ಎರಡೂ ಕೈಯಿಂದ ಹಣೆ ಬಡಿದುಕೊಂಡಳು. ಮಗ ತನ್ನನ್ನು ಬಿಟ್ಟು ಓಡಿದ್ದು ತನ್ನನ್ನು ಬದುಕಿಸಲಿಕ್ಕೆ! ಅವನನ್ನು ಮನೆಯಿಂದ ಅಟ್ಟಿದ್ದು ಅಫೀಮಲ್ಲ, ಅವಳು ಬಾಯಿಪಾಠ ಮಾಡಿಸಿದ ಆಣೆ. ಮನೆಯಿಲ್ಲದೆ, ಅವ್ವ ಇಲ್ಲದೆ ಬಿದ್ದವನನ್ನು ಅಫೀಮು ಆರಾಮಾಗಿ ತಿನ್ನುತ್ತಿತ್ತು.

ಓಡಿಹೋಗಿ ಹಣಮಯ್ಯನ ಕಾಲು ಹಿಡಿದಳು. "ಆಣಿ ಇಳಸ್ರಿ ಪೂಜಾರಿಯಪ್ಪಾ. ತಪ್ಪು ನಂದದ."

"ಭಂಡಾರ ಹಣಿಗಿ ಹತ್ತಿದ ಮ್ಯಾಲ ಇಳಿಯಂಗಿಲ್ಲವ್ವ" ಎಂದ ಹಣಮಯ್ಯ. "ನಮ್ಮ ಹಿರ್ಯಾರ ಕಾಲದಿಂದ ಇಳಸಿದವ್ರಿಲ್ಲ. ಅವ ಅಂಬೂದು ಖರೇ ಅದ. ನಿನ್ನ ಮಾರಿ ನೋಡಲಾರದ ಇರಲಿ, ನಿನಗೂ ಛಲೋ."

"ನನಗ ಛಲೋ ಯಾರಿಗಿ ಬೇಕಾಗ್ಯದ್ರಿ?"

ಹಣಮಯ್ಯ ಕೆಟ್ಟವನಲ್ಲ. ತನಗೆ ಗೊತ್ತಿದ್ದಷ್ಟು ಹೇಳಿದ. ಆಮೇಲೆ ಒಂದು ಸಣ್ಣ ಚೀಲದಲ್ಲಿ ಭಂಡಾರ ತುಂಬಿ ಅವಳ ಉಡಿಗೆ ಹಾಕಿದ. ಅವನಿಂದ ಆಗುವುದು ಅಷ್ಟೇ ಇತ್ತು.

ಅಜ್ಜಿ ಮತ್ತೆ ತಾಂಡೂರಿಗೆ ಹೋದಳು. ಈ ಸಲ ಗುಡಿಸಲಿನ ಹೊರಗೇ ನಿಂತು, ಸೆರಗನ್ನು ತಲೆಯಿಂದ ಎದೆಯ ತನಕ ಎಳೆದು, ಅಂಚನ್ನು ಕುಪ್ಪಸಕ್ಕೆ ಸಿಕ್ಕಿಸಿ ಕೂಗಿದಳು.

"ಮಗಾ, ಹೆದರಬ್ಯಾಡ. ಈ ಕಡಿ ಹೊಳ್ಳು. ನನಗ ಮಾರೀನೇ ಇಲ್ಲ ಈಗ."

ಅಪ್ಪ ಹೊರಳಿ ನೋಡಿದ. ಅವ್ವನ ಸೀರೆ, ಅವ್ವನ ಕೈ, ಅವ್ವನ ಕಾಲುಗಳು. ಮುಖದ ಜಾಗದಲ್ಲಿ ಬಟ್ಟೆ. ಅವನು ಎದ್ದು ಬಂದು ಆ ಕಾಲುಗಳ ಮೇಲೆ ಬಿದ್ದ. ಸೆರಗಿನ ಎಳೆಗಳ ನಡುವಿನಿಂದ ಅಜ್ಜಿಗೆ ಅವನು ಕಂಡ. ಕಂಬಳಿ ಇಲ್ಲ, ಗೋಣಿಚೀಲ ಹೊದ್ದಿದ್ದಾನೆ. ಕುರುಬ ಕಂಬಳಿ ಮಾರಿದನೆಂದರೆ ಇನ್ನು ಮಾರಲು ಅವನ ಹತ್ತಿರ ಏನೂ ಉಳಿದಿಲ್ಲ ಎಂದೇ ಅರ್ಥ. ಪಕ್ಕೆಲುಬು ಎಣಿಸಬಹುದಿತ್ತು. ಜೊತೆಗಿದ್ದ ಬೊಮ್ರಾಸಪೇಟಿನ ಕೂಲಿ ಪೋಚಪ್ಪ, "ಈ ಚಳಿಗಾಲ ದಾಟಂಗಿಲ್ಲವ್ವ ಇವ" ಎಂದು ಅವನೆದುರಿಗೇ ಹೇಳಿದ.

ಮಗ ಊರಿಗೆ ಬರಲು ಒಪ್ಪಲಿಲ್ಲ. ಸರಿ, ಅಜ್ಜಿ ಅಲ್ಲಿಯೇ ಉಳಿದಳು. ಹಗಲು ಸೆರಗು ಎಳೆದುಕೊಂಡೇ ಕಲ್ಲುಚೂರು ಹೊರುವುದು, ಗುಡಿಸಲಿಗೆ ಬಂದರೂ ಅದನ್ನು ಎತ್ತದಿರುವುದು. ಸೆರಗಿನೊಳಗೇ ಒಲೆ ಊದಿದಳು, ಸೆರಗಿನೊಳಗೇ ಉಂಡಳು. ಖಣಿಯ ಮಂದಿಗೆ ತಮಾಷೆಯೋ ತಮಾಷೆ. "ಬೇಗಂ ಸಾಹೇಬರು ಬಂದಾರ, ದಾರಿ ಬಿಡ್ರಿ" ಎಂದು ನಗುತ್ತಿದ್ದರು. ಊರ ಬಾಯಿ ಮುಚ್ಚಲಾದೀತೇ? ಅವಳು ತನ್ನದನ್ನು ಮುಚ್ಚಿಕೊಂಡಳು.

ಮೊದಲು ಅಫೀಮನ್ನು ಒಮ್ಮೆಲೇ ಬಿಡಿಸಲು ನೋಡಿದಳು. ಎರಡು ದಿನಕ್ಕೆ ಮಗ ನೆಲದಲ್ಲಿ ಹೊರಳಾಡಿದ. ವಾಂತಿ, ಭೇದಿ, ಮೈಯೆಲ್ಲ ನಡುಕ. ಮೂರನೆಯ ದಿನ ತಡೆಯಲು ಹೋದವಳ ಮುಂಗೈ ಕಚ್ಚಿ ದುಕಾನಿಗೆ ಓಡಿದ. ಆ ಹಲ್ಲಿನ ಗುರುತು ಅಜ್ಜಿಯ ಕೈಮೇಲೆ ಕೊನೆಯ ತನಕ ಇತ್ತು, ನಾನೇ ಬೆರಳಾಡಿಸಿ ನೋಡಿದ್ದೇನೆ. ಅವತ್ತು ಅವಳು ರಕ್ತ ಒರೆಸಿಕೊಳ್ಳುತ್ತ ಬೀರಪ್ಪನನ್ನು ಬಾಯಿಗೆ ಬಂದಂತೆ ಬೈದಳಂತೆ. ಬೈದು ಮುಗಿದ ಮೇಲೆ ಉಡಿಯಲ್ಲಿದ್ದ ಭಂಡಾರದ ಚೀಲ ತೆಗೆದು ನೋಡುತ್ತ ಕುಳಿತಳು.

ಮರುದಿನ ದುಕಾನಿಗೆ ಅವಳೇ ಹೋದಳು. ಬೀರಪ್ಪನ ಭಕ್ತೆ, ಮುಖ ಮುಚ್ಚಿಕೊಂಡು, ನಶೆಗಾರರ ನಡುವೆ ನಿಂತು ಮಗನಿಗಾಗಿ ಅಫೀಮು ಕೊಂಡಳು. "ಇನ್ನ ನೀ ದುಕಾನಿಗಿ ಹೋಗಬ್ಯಾಡ. ನಾ ನನ್ನ ಕೈಯಾರ ಕೊಡ್ತೀನಿ" ಎಂದಳು. ಅಪ್ಪ ಅತ್ತ. ನಾಚಿಕೆಗೋ ಸಮಾಧಾನಕ್ಕೋ ತನಗೇ ತಿಳಿಯಲಿಲ್ಲ ಎನ್ನುತ್ತಿದ್ದ.

ದಿನಾ ಬೆಳಿಗ್ಗೆ ಅವಳು ಅಫೀಮಿಗೆ ಜೋಳದ ಹಿಟ್ಟು ಮತ್ತು ಚಿಟಿಕೆ ಭಂಡಾರ ಬೆರೆಸಿ, ಬೆರಳ ತುದಿಯಲ್ಲಿ ಉರುಟಿ ಗುಳಿಗೆ ಮಾಡುತ್ತಿದ್ದಳು. ನೋಡಲು ಗುಳಿಗೆ ಅಷ್ಟೇ ದೊಡ್ಡದು. ಒಳಗೆ ದಿನದಿಂದ ದಿನಕ್ಕೆ ಅಫೀಮು ಸ್ವಲ್ಪ ಕಡಿಮೆ, ಭಂಡಾರ ಸ್ವಲ್ಪ ಹೆಚ್ಚು. ಮಗನಿಗೆ ಗೊತ್ತಾಗದ ಹಾಗೆ ಬೀರಪ್ಪನನ್ನು ಅವನ ಹೊಟ್ಟೆಗೆ ಇಳಿಸುತ್ತಿದ್ದಳು. ಅಜ್ಜ ತಿಂಗಳಿಗೊಮ್ಮೆ ಜೋಳ, ಬೆಣ್ಣೆ ಹೊತ್ತು ಬಂದು, ಒಂದು ದಿನ ಸುಮ್ಮನೆ ಮಗನ ಪಕ್ಕ ಕುಳಿತು ಹೋಗುತ್ತಿದ್ದ. ಒಮ್ಮೆ ತನ್ನ ಹೆಗಲ ಮೇಲಿನ ಕಂಬಳಿಯನ್ನೇ ಅವನಿಗೆ ಹೊದಿಸಿ ಬರಿಮೈಯಲ್ಲಿ ರೈಲು ಹತ್ತಿದ.

ಒಂದು ಬೆಳಿಗ್ಗೆ ಅಪ್ಪ ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಅವ್ವಾ, ಗುಳಿಗಿ ಮಾಡೂದು ನಿನಗ ಯಾರು ಕಲಿಸ್ಯಾರ? ದುಕಾನದವಗೂ ಇಷ್ಟು ನುಣ್ಣಗ ಬರಂಗಿಲ್ಲ."

ಅಜ್ಜಿ ಗುಳಿಗೆಯನ್ನು ಅವನ ಅಂಗೈಗೆ ಹಾಕಿದಳು.

"ನೀ ಮೂರು ತಿಂಗಳ ಕೂಸು ಇದ್ದಿ" ಎಂದಳು ಸೆರಗಿನೊಳಗಿನಿಂದ. "ಮಂದಿ ಬ್ಯಾನಿ ಬಂದು ಸತ್ತ ವರ್ಷ. ಕೂಲಿಗಿ ಹೋಗಲಿಲ್ಲಂದ್ರ ಕೂಳಿಲ್ಲ. ನೀ ಅಳ್ತಿದ್ದಿ. ಎಲ್ಲಾ ಬಾಣಂತ್ಯಾರು ಕೂಸಿಗಿ ಸಾಸಿವಿ ಕಾಳಷ್ಟು ಅಫೀಮು ಹಾಕಿ ಮಲಗಿಸಿ ಹೋಗ್ತಿದ್ರು. ನಾನೂ ಹಾಕ್ದೆ. ಎದಿಹಾಲಿನಾಗ ತೇದು ಎರಡು ವರ್ಷ ಹಾಕ್ದೆ. ನಿನ್ನ ನಾಲಗಿಗಿ ಅದರ ರುಚಿ ಹಚ್ಚಿದಾಕಿ ನಾನೇ ಮಗಾ. ನಿನ್ನ ಕೈಲಿಂದ ಆಣಿ ಮಾಡಿಸ್ದೆ, ನಂದು ಬಾಯಿ ಬಿಡಲಿಲ್ಲ."

ಅಪ್ಪ ಅಂಗೈಯಲ್ಲಿದ್ದ ಗುಳಿಗೆಯನ್ನು ನೋಡಿದ. ಆಮೇಲೆ, "ಹಂಗಾದ್ರ ಆಣಿ ಮೊದಲ ಮುರದಾಕಿ ನೀನೇ" ಎಂದು ನಕ್ಕ. ನಗುತ್ತ ನಗುತ್ತ ಬಿಕ್ಕಿದ. ಅವತ್ತು ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ.

ಐದನೆಯ ತಿಂಗಳು ಅವನು ಗೊಣಗಿದ. "ದುಕಾನದವ ಮೋಸ ಮಾಡ್ಲಾಕ ಹತ್ಯಾನ. ಇದರಾಗ ನಶಾನೇ ಇಲ್ಲ."

"ನಶಾ ಎಲ್ಲಿಂದ ಬರ್ತದ? ಹದಿನೆಂಟು ದಿನ ಆತು, ನೀ ತಿಂದದ್ದು ಬರೇ ಭಂಡಾರ."

ಅಫೀಮು ಮುಟ್ಟದೆ ಹದಿನೆಂಟು ದಿನವಾದ ಮೇಲೆ ಅಪ್ಪನಿಗೆ ಆಣೆಯ ಹೆದರಿಕೆ ಉಳಿಯಲಿಲ್ಲ. ಹತ್ತಿರ ಬಂದು ತಾನೇ ಅವಳ ಸೆರಗು ಎತ್ತಿದ. ಅವನು ಬಿಟ್ಟುಹೋದ ಅವ್ವನಿಗೆ ಕಪ್ಪು ಕೂದಲು, ತುಂಬಿದ ಗಲ್ಲ ಇದ್ದವು. ಇಲ್ಲಿ ಇದ್ದದ್ದು ಹಲ್ಲು ಉದುರಿದ, ಬಿಸಿಲೇ ಕಾಣದೆ ಬಿಳಿಚಿದ ಒಬ್ಬ ಮುದುಕಿ. "ಹೆಣ ಆಗಿಲ್ಲ ನೋಡು" ಎಂದಳು ಅವಳು. ಮಗನನ್ನು ಕರೆದುಕೊಂಡು ಊರಿಗೆ ಬಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅಫೀಮು ಅಷ್ಟು ಸುಲಭಕ್ಕೆ ಮನೆ ಬಿಡುವ ನೆಂಟನಲ್ಲ. ಅಪ್ಪನಿಗೆ ಲಕ್ಷ್ಮಿಬಾಯಿಯ ಜೊತೆ ಮದುವೆಯಾಯಿತು. ಅವಳು ನನ್ನವ್ವ. ನಾನು ಹುಟ್ಟಿದೆ. ನನಗೆ ಐದು ವರ್ಷವಾದಾಗ ಅಜ್ಜ ಶಿವರಾಯ ಸತ್ತ. ಮಣ್ಣು ಮಾಡಿ ಬಂದ ಎಂಟನೆಯ ದಿನ ಅಪ್ಪ ಜಹೀರಾಬಾದಿಗೆ ಹೋಗಿ ತೂಗಾಡುತ್ತ ಬಂದ. "ಹುಟ್ಟುಗುಣ ಸುಟ್ಟರೂ ಹೋಗದು" ಎಂದಿತು ಊರು. ಹುಟ್ಟುಗುಣವಂತೆ! ಕೂಸಿದ್ದಾಗ ಅವನ ಬಾಯಿಗೆ ಹಾಕಿದ್ದನ್ನು ಗುಣ ಎನ್ನುತ್ತಾರೆಯೇ?

ಅಜ್ಜಿಗೆ ನೋಡಿದ ಕೂಡಲೇ ತಿಳಿಯಿತು. ಒಲೆಯ ಮುಂದೆ ಕುಳಿತವಳು ಸೆರಗು ಎಳೆದುಕೊಂಡಳು. ನನಗೆ ನೆನಪಿದೆ. ಮುಖವಿಲ್ಲದ ಅಜ್ಜಿಯನ್ನು ಕಂಡು ನಾನು ಚೀರಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, "ಅವ್ವಾ, ಬ್ಯಾಡವ್ವ, ತೆಗಿಯವ್ವ" ಎಂದು ಬೇಡಿಕೊಳ್ಳುತ್ತಿದ್ದ. ಅವಳು ಭಂಡಾರದ ಚೀಲ ತೆಗೆದು ಮತ್ತೆ ಗುಳಿಗೆ ಉರುಟಲು ಕುಳಿತಳು. ಆ ಸಲ ಮೂರು ತಿಂಗಳು ಹಿಡಿಯಿತು. ಮನೆಯಲ್ಲಿ ಹಬ್ಬವಿಲ್ಲ, ನಗೆಯಿಲ್ಲ. ಈ ಸಲ ಅಜ್ಜಿ ಸೋಲುತ್ತಾಳೆಂದು ಅವ್ವ ಹಿತ್ತಲಲ್ಲಿ ಅಳುತ್ತಿದ್ದಳು. ಅಜ್ಜಿ ಸೋಲಲಿಲ್ಲ. ಆದರೆ ಸೆರಗು ತೆಗೆದಾಗ ಅವಳ ಕಣ್ಣುಗಳು ಗುಳಿಬಿದ್ದಿದ್ದವು, ಜ್ವರ ಒಳಗೇ ಕುಳಿತಿತ್ತು.

ಅಪ್ಪನಿಗೆ ಆಗ ಹಳೆಯ ಹೆದರಿಕೆ ಮರಳಿತು. "ನಾ ಎರಡನೇ ಸಲ ಆಣಿ ಮುರದೀನಿ. ಅದಕ್ಕೇ ಅವ್ವಗ ಹಿಂಗಾತು" ಎಂದು ಗೋಡೆಗೆ ತಲೆ ಒತ್ತಿ ನಿಲ್ಲುತ್ತಿದ್ದ.

"ಮುದುಕ್ಯಾರು ಸಾಯ್ತಾರ ಮಗಾ. ಅದಕ್ಕ ಆಣಿ ಬೇಕಾಗಂಗಿಲ್ಲ" ಎನ್ನುತ್ತಿದ್ದಳು ಅಜ್ಜಿ. ಅವನು ನಂಬಲಿಲ್ಲ. ಅವಳು ಸತ್ತ ದಿನ ಇವನು ಹೆಣದ ಮುಖ ನೋಡುತ್ತಾನೆ, ಆಣೆ ಫಲಿಸಿತು ಎಂದುಕೊಳ್ಳುತ್ತಾನೆ, ಅಲ್ಲಿಂದ ಎದ್ದವನು ನೆಟ್ಟಗೆ ದುಕಾನಿಗೆ ಹೋಗುತ್ತಾನೆ. ಮತ್ತೆ ಯಾರು ಮರಳಿ ತರಬೇಕು? ಅಜ್ಜಿಗೆ ಸಾವಿನ ಹೆದರಿಕೆ ಇರಲಿಲ್ಲ, ಇದ್ದದ್ದು ಈ ಒಂದು ಹೆದರಿಕೆ.

ಮರುವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಅಪ್ಪ ಕುರಿ ಹೊಡೆದುಕೊಂಡು ಹೋದ ಮೇಲೆ, ಅವಳು ಅವ್ವನನ್ನು ಹತ್ತಿರ ಕರೆದಳು. ನಾನು ಅವಳ ಕಾಲ ಹತ್ತಿರ ಕುಳಿತಿದ್ದೆ.

"ಲಕ್ಷ್ಮೀ, ನಾ ಸೆರಗು ಎಳಕೊಂತೀನಿ. ಇನ್ನ ಯಾರೂ ತೆಗೀಬ್ಯಾಡ್ರಿ. ಮರ್ಯಾ ಬೇಡಿದ್ರೂ ತೆಗೀಬ್ಯಾಡ. ಅವ ನನ್ನ ಹೆಣದ ಮಾರಿ ನೋಡಬಾರ್ದು."

"ಹ್ಯಾಂಗ ಅತ್ತಿ? ಮಗ ಬಾಯಾಗ ನೀರು ಬಿಡಬೇಕಲ್ಲ? ಮಾರಿ ತೋರಸಲಾರದ ಮಣ್ಣಿಗಿ ಇಟ್ರ ನಿಮಗ ಗತಿ ಸಿಗಂಗಿಲ್ಲ ಅಂತಾರ."

"ನನ್ನ ಗತಿ ಸುಡ್ಲಿ" ಎಂದಳು ಅಜ್ಜಿ. ಸೆರಗು ಎಳೆದುಕೊಂಡು ಅಂಚನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು. ಹೊತ್ತು ನೆತ್ತಿಗೆ ಬರುವ ಮೊದಲೇ ಸೆರಗಿನೊಳಗೆ ಉಸಿರು ನಿಂತಿತು.

ಸುದ್ದಿ ಕೇಳಿ ಅಪ್ಪ ಅಡವಿಯಿಂದ ಓಡಿ ಬಂದ. ಮುಚ್ಚಿದ ಮುಖ ಕಂಡು ಹೊಸ್ತಿಲಲ್ಲೇ ನಿಂತ. ಮಂದಿ ಸೇರಿದ್ದರು. ಕೊನೆಯ ಸಲ ನೋಡಲಿ, ಸೆರಗು ತೆಗೀರಿ ಎಂದು ನಾಲ್ಕು ಕಡೆಯಿಂದ ಕೂಗಿದರು. ಮುದುಕನಾಗಿದ್ದ ಹಣಮಯ್ಯನೂ ಬಂದಿದ್ದ. ಅವ್ವ ಅಜ್ಜಿಯ ತಲೆಯ ಹತ್ತಿರ ಕುಳಿತು ಸೆರಗಿನ ಅಂಚನ್ನು ಎರಡು ಕೈಯಿಂದ ಹಿಡಿದಿದ್ದಳು. "ತೆಗಿಯಂಗಿಲ್ಲ. ಅತ್ತಿ ಹೇಳ್ಯಾಳ. ಇವರು ನೋಡಬಾರ್ದಂತ" ಎಂದಳು.

ಅಪ್ಪನಿಗೆ ಅರ್ಥವಾಯಿತು. ಹೊಸ್ತಿಲು ದಾಟಿ ಒಳಗೆ ಬಂದ. ಅವಳ ಪಕ್ಕದಲ್ಲಿ ಕುಳಿತು ತಂಬಿಗೆ ಎತ್ತಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಾಯಿಯ ಅಂದಾಜಿನ ಮೇಲೆ, ಬಟ್ಟೆಯ ಮೇಲೆಯೇ, ನೀರು ಬಿಟ್ಟ. ಹಣಮಯ್ಯ ಭಂಡಾರದ ಬಟ್ಟಲು ತಂದು ಒದ್ದೆಯಾದ ಸೆರಗಿನ ತುಂಬ ಅರಿಶಿನ ಚೆಲ್ಲಿದ. "ಆಣಿ ಇಳೀತವ್ವ" ಎಂದಷ್ಟೇ ಅಂದ.

ಅಜ್ಜಿಯನ್ನು ಹಾಗೆಯೇ ಮಣ್ಣಿಗೆ ಇಟ್ಟರು.

ಅಪ್ಪ ಆಮೇಲೆ ಮೂವತ್ತೊಂದು ವರ್ಷ ಬದುಕಿದ. ಹಲ್ಲುನೋವಿಗೂ ಔಷಧಿ ಎಂದು ಯಾರಾದರೂ ಗುಳಿಗೆ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಯಾರಾದರೂ ಅವನೆದುರು ಅಮೃತಬಾಯಿ ಸತ್ತ ವರ್ಷ ಎಂದು ಮಾತು ತೆಗೆದರೆ, ಕುರಿಯ ಕಡೆಗೆ ನೋಡುತ್ತ ಅಪ್ಪ ಒಂದೇ ಮಾತು ಹೇಳುತ್ತಿದ್ದ.

"ಮಂದಿ ಅಂತಾರ. ನಾ ನೋಡಿಲ್ಲ."